ಬಿಸಿಲು ಬೀಳಾಕತ್ತೈತಿ, ಪರದೆ ಎಳೀರಿ

ಹುಬ್ಬಳ್ಳಿಯ ನಮ್ಮ ಓಣಿಯ ತುದಿಗೆ ಬ್ಯಾನರ್ ಕಟ್ಟಿದ್ದರು: ‘ಉಚಿತ ಅಸ್ಥಿ ಸಾಂದ್ರತಾ ತಪಾಸಣಾ ಬೃಹತ್ ಶಿಬಿರ’. ದೊಡ್ಡವ್ವ ಕನ್ನಡಕ ಏರಿಸಿ ಓದಿದಳು.

“ಅಸ್ಥಿ ಅಂದ್ರ ಸತ್ತ ಮ್ಯಾಲೆ ಹೊಳ್ಯಾಗ ಬಿಡ್ತಾರಲ್ಲೋ ತಮ್ಮಾ? ಇವರ್ಯಾಕ ಜೀವಂತ ಇದ್ದವರನ್ನ ಕರ್ಯಾಕತ್ತಾರ?”

ಎಲುಬು ಅಂತ ಬರೆದಿದ್ದರೆ ಅರ್ಧ ಬ್ಯಾನರ್ ಉಳಿಯುತ್ತಿತ್ತು. ಆದರೆ ಎಲುಬು ಅಂದರೆ ಪುಕ್ಕಟೆ ಅನಿಸುತ್ತದೆ, ಅಸ್ಥಿ ಅಂದರೆ ಫೀಸು ಇರಬಹುದು ಅನಿಸುತ್ತದೆ. ಅದಕ್ಕೇ ಮುಂದೆ ‘ಉಚಿತ’ ಸೇರಿಸಿದ್ದು.

ಶಿಬಿರ ಇದ್ದದ್ದು ಕಲ್ಯಾಣ ಮಂಟಪದ ಎರಡನೇ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೆ ‘ದುರಸ್ತಿಯಲ್ಲಿದೆ’ ಅನ್ನುವ ಚೀಟಿ. ಚೀಟಿಯೇ ಹಳದಿಯಾಗಿತ್ತು. ಮಂಡಿ ಹಿಡಿದುಕೊಂಡು ಬಂದಿದ್ದ ನಾಲ್ಕೈದು ಅಜ್ಜಿಯರು ಕೆಳಗೆ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಮೆಟ್ಟಿಲು ಹತ್ತಿ ಹೋದವರಿಗೆ ‘ನಿಮ್ಮ ಎಲುಬು ಬಲಹೀನ’ ಅಂತ ಬರೆದುಕೊಟ್ಟರು. ಹತ್ತಲಾಗದವರ ಎಲುಬಿನ ಬಗ್ಗೆ ಯಾರ ತಕರಾರೂ ಇರಲಿಲ್ಲ.

ಹತ್ತು ಗಂಟೆಯ ಕಾರ್ಯಕ್ರಮ ಹನ್ನೊಂದೂವರೆಗೆ ಶುರುವಾಯಿತು. ಡಾಕ್ಟರು ಪಾಪ ಒಳ್ಳೆಯವರು. ಮೊದಲ ಸ್ಲೈಡ್ ಹಾಕಿದರು: ‘ಸೂರ್ಯ ಮತ್ತು ವಿಟಮಿನ್ ಡಿ’. ಕಿಟಕಿಯಿಂದ ಬಿಸಿಲು ನೇರ ಸ್ಕ್ರೀನಿನ ಮೇಲೆ ಬಿದ್ದು ಸೂರ್ಯನ ಚಿತ್ರವೇ ಕಾಣಲಿಲ್ಲ. ಸಂಘಟಕರು ಕೂಗಿದರು: “ಏ, ಬಿಸಿಲು ಬೀಳಾಕತ್ತೈತಿ, ಪರದೆ ಎಳೀರೋ!” ಎಳೆದರು. ಲೈಟೂ ಆರಿಸಿದರು. ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗಿನ ಬಿಸಿಲಿನಲ್ಲೇ ಚರ್ಮ ಜಾಸ್ತಿ ಡಿ ತಯಾರಿಸುತ್ತದೆ, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತುವುದಿಲ್ಲ ಅಂತ ಇನ್ನೂರು ಜನರಿಗೆ ಕತ್ತಲಲ್ಲಿ ತಿಳಿಸಲಾಯಿತು. ಗಾಜಿನ ಮೂಲಕ ಬಂದ ಬಿಸಿಲಿನಿಂದ ಡಿ ಸಿಗುವುದಿಲ್ಲ ಅಂತಲೂ ಹೇಳಿದರು. ಹಾಗಾಗಿ ಪರದೆ ಎಳೆದದ್ದರಿಂದ ನಮಗೇನೂ ನಷ್ಟವಾಗಲಿಲ್ಲ ಅನ್ನಿ.

ನೃಪತುಂಗ ಬೆಟ್ಟಕ್ಕೆ ಬೆಳಗಿನ ಆರಕ್ಕೇ ಕಿವಿಗೆ ಮಫ್ಲರ್ ಸುತ್ತಿಕೊಂಡು ‘ಡಿ ತಗೊಳ್ಳಲು’ ಹೋಗುವ ಗೆಳೆಯನೊಬ್ಬ ಪಕ್ಕದಲ್ಲಿ ಕುಳಿತಿದ್ದ. ಕತ್ತಲಿದ್ದದ್ದು ಒಳ್ಳೆಯದಾಯಿತು, ಅವನ ಮುಖ ಕಾಣಲಿಲ್ಲ. ಏರು ಹತ್ತಿದ್ದು ಅವನ ಎಲುಬಿಗೆ ಒಳ್ಳೆಯದೇ. ಆದರೆ ಅಷ್ಟು ಎಳೆ ಬಿಸಿಲಿನಲ್ಲಿ ಡಿ ನೆಪಕ್ಕಷ್ಟೇ.

ಆಮೇಲೆ ಮುಖ್ಯ ಅತಿಥಿಗಳು. ಶಾಲು, ಹಾರ, ಒಂದು ಕಿಲೋ ಧಾರವಾಡ ಪೇಡೆ. ಎಮ್ಮೆ ಹಾಲಿನ ಪೇಡೆ. ನಮಗೆ ಕೊಟ್ಟದ್ದು ಅರ್ಧ ಕಪ್ ಚಹಾ, ಎರಡು ಬಿಸ್ಕೀಟು. ಇಡೀ ಸಭೆಯಲ್ಲಿದ್ದ ಕ್ಯಾಲ್ಸಿಯಂ ಎಲ್ಲಾ ಹೀಗೆ ಒಬ್ಬರದೇ ಕಾರು ಹತ್ತಿತು.

“ನಾವು ಜ್ವಾಳದ ರೊಟ್ಟಿ ತಿಂದ ಮಂದಿ, ನಮ್ಮ ಎಲುಬು ಕಬ್ಬಿಣ!” ಅಂದರು ಅತಿಥಿಗಳು. ಚಪ್ಪಾಳೆ. ಈ ಊರಲ್ಲಿದ್ದು ರೊಟ್ಟಿಯನ್ನು ಬೈಯುವ ಧೈರ್ಯ ನನಗಿಲ್ಲ. ಆದರೆ ನೂರು ಗ್ರಾಂ ಜೋಳದಲ್ಲಿರುವ ಕ್ಯಾಲ್ಸಿಯಂ ಸುಮಾರು 30 ಮಿಲಿಗ್ರಾಂ. ದಿನಕ್ಕೆ ಬೇಕಾದ್ದು 1000, ಮುಟ್ಟು ನಿಂತ ಹೆಂಗಸರಿಗೆ 1200. ಬರೀ ರೊಟ್ಟಿಯಿಂದ ಕಬ್ಬಿಣವಾಗಬೇಕಾದರೆ ದಿನಾ ಮೂರು ಕಿಲೋಗಿಂತ ಜಾಸ್ತಿ ಹಿಟ್ಟು ತಟ್ಟಬೇಕು. ತಟ್ಟುವವರ ಎಲುಬಂತೂ ಗಟ್ಟಿಯಾದೀತು. ನಿಜವಾಗಿ ಕೆಲಸ ಮಾಡುವುದು ತಾಟಿನಲ್ಲಿ ರೊಟ್ಟಿಯ ಅಕ್ಕಪಕ್ಕ ಇರುವುದು: ಮೊಸರು, ಸೊಪ್ಪು, ಸಂಕ್ರಾಂತಿಯ ಸಜ್ಜಿ ರೊಟ್ಟಿಗೆ ಹಚ್ಚುವ ಎಳ್ಳು. ನೂರು ಗ್ರಾಂ ಎಳ್ಳಿನಲ್ಲಿ ಸಾವಿರ ಮಿಲಿಗ್ರಾಂಗಿಂತ ಜಾಸ್ತಿ ಇದೆ. ಅಷ್ಟೂ ಮೈಗೆ ಹತ್ತುವುದಿಲ್ಲ, ನಿಜ. ಆದರೂ ಎಳ್ಳಿನ ಹೆಸರು ಯಾರೂ ಎತ್ತಲಿಲ್ಲ. ಎಳ್ಳಿನ ಸ್ಟಾಲ್ ಇರಲಿಲ್ಲ.

ಸ್ಟಾಲ್ ಇದ್ದದ್ದು ಪೌಡರಿನದು. ಅದರ ಪಕ್ಕದಲ್ಲೇ ತಪಾಸಣೆಯ ಮಷೀನು. ಹಿಮ್ಮಡಿಗೆ ಜೆಲ್ ಹಚ್ಚಿ ಡಬ್ಬಿಯಂಥದ್ದರಲ್ಲಿ ಕಾಲಿಡಬೇಕು. ದೊಡ್ಡವ್ವನಿಗೆ ಮೈನಸ್ 2.1 ಬಂತು.

“ಮೈನಸ್ ಅಂದ್ರ ನಾ ಅವರಿಗೆ ಕೊಡಬೇಕೋ, ಅವರು ನನಗ ಕೊಡಬೇಕೋ?”

ಅಷ್ಟರಲ್ಲಿ ಟೈ ಕಟ್ಟಿದ ಹುಡುಗ ಡಬ್ಬಿ ಹಿಡಿದು ಬಂದಿದ್ದರಿಂದ ಯಾರು ಕೊಡಬೇಕು ಅನ್ನುವುದು ಗೊತ್ತಾಯಿತು.

ಆ ಅಂಕಿ ನಮ್ಮ ಎಲುಬನ್ನು ಗಟ್ಟಿಮುಟ್ಟಾದ ಹರೆಯದವರ ಎಲುಬಿಗೆ ಹೋಲಿಸಿ ಕೊಡುವುದು. ಮೈನಸ್ 2.5 ಇಲ್ಲವೇ ಅದಕ್ಕೂ ಕೆಳಗಿಳಿದರೆ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಟೊಳ್ಳಾಗುವ ರೋಗ. ಆದರೆ ಆ ಗೆರೆ ಇರುವುದು ಸೊಂಟ, ಬೆನ್ನೆಲುಬಿಗೆ ಮಾಡುವ ಡೆಕ್ಸಾ ಅನ್ನುವ ಎಕ್ಸ್-ರೇ ಸ್ಕ್ಯಾನಿಗೆ. ಹಿಮ್ಮಡಿಯ ಮಷೀನು ‘ಒಮ್ಮೆ ತೋರಿಸಿಕೊಳ್ಳಿ’ ಅನ್ನಬಹುದು, ರೋಗದ ಹೆಸರು ಹೇಳುವಂತಿಲ್ಲ. ಅಲ್ಲಿ ಹೆಸರನ್ನೂ ಹೇಳಿತು, ರೇಟನ್ನೂ ಹೇಳಿತು. ಅರವತ್ತು ದಾಟಿದವರನ್ನು ಮೂವತ್ತರವರ ಜೊತೆ ನಿಲ್ಲಿಸಿದರೆ ಮೈನಸ್ ಬಾರದೆ ಇನ್ನೇನು ಬಂದೀತು? ನಾನು ನೋಡಿದಷ್ಟು ಹೊತ್ತು ಪ್ಲಸ್ ಬಂದದ್ದು ಒಬ್ಬನಿಗೇ, ಕುರ್ಚಿ ಹೊತ್ತು ತಂದಿದ್ದ ಹುಡುಗನಿಗೆ. ಅವನಿಗೆ ಡಬ್ಬಿ ತೋರಿಸಲಿಲ್ಲ.

ದೊಡ್ಡವ್ವ ಡಬ್ಬಿ ತಿರುಗಿಸಿ ಕೇಳಿದಳು: “ಇದನ್ನ ಹೆಂಗ ತಗೋಬೇಕಪಾ?”

“ಎರಡು ಚಮಚ, ಒಂದು ಗ್ಲಾಸ್ ಹಾಲಿನಾಗ ಹಾಕಿ ಕುಡೀರಿ ಅಮ್ಮಾ.”

“ಹಾಲು ನೀವ ಕೊಡ್ತೀರೇನು?”

ಒಂದು ಗ್ಲಾಸ್ ಹಾಲಿನಲ್ಲೇ ಇನ್ನೂರು ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇರುತ್ತದೆ. ಹುಡುಗ ಅದನ್ನು ಹೇಳಲಿಲ್ಲ, ಛತ್ರಿ ತೆಗೆದು ತೋರಿಸಿದ. ಎರಡು ಡಬ್ಬಿ ತಗೊಂಡವರಿಗೆ ಛತ್ರಿ ಫ್ರೀ. ಮೇಲೆ ‘ಗಟ್ಟಿ ಎಲುಬು, ಗಟ್ಟಿ ಬದುಕು’ ಅಂತ ಅಚ್ಚು ಹಾಕಿಸಿದ್ದರು.

ನಾವು ಕೆಳಗಿಳಿದಾಗ ಒಂದೂವರೆ. ರಣ ಬಿಸಿಲು. ಡಾಕ್ಟರು ಹೇಳಿದ್ದ ಹೊತ್ತು ಇದೇ. ಮಂಟಪದ ಬಾಗಿಲಿಂದ ಒಂದಾದ ಮೇಲೊಂದು ಛತ್ರಿ ಬಿಚ್ಚುತ್ತ ಜನ ಹೊರಬಿದ್ದರು. ಗೇಟಿನ ಎದುರು ಗಟಾರದ ಮೇಲಿನ ಹಾಸುಗಲ್ಲು ಕಿತ್ತು ತಿಂಗಳಾಗಿದೆ. ಗುರುತಿಗೆ ಜಾಲಿ ಟೊಂಗೆ ಸಿಗಿಸಿದ್ದಾರೆ, ಅದೂ ಒಣಗಿದೆ. ಸೊಂಟ ಮುರಿಯಲು ಎಲುಬು ಟೊಳ್ಳಾಗಿದ್ದರಷ್ಟೇ ಸಾಲದು, ಬೀಳುವುದಕ್ಕೆ ಒಂದು ಜಾಗವೂ ಬೇಕಲ್ವಾ? ಆ ಅನುಕೂಲ ಊರವರೇ ಮಾಡಿಕೊಟ್ಟಿದ್ದಾರೆ.

ನಾನು ಛತ್ರಿಗಳನ್ನು ಎಣಿಸುತ್ತ ನಿಂತಿದ್ದೆ. ದೊಡ್ಡವ್ವ ಸೀರೆಯ ನೆರಿಗೆ ಎತ್ತಿ, ನನ್ನ ರಟ್ಟೆ ಹಿಡಿದು ಜಗ್ಗಿದಳು.

“ಮ್ಯಾಲೆ ಏನ್ ನೋಡ್ತಿ ತಮ್ಮಾ, ಕೆಳಗ ನೋಡಕೋತ ಬಾ.”