ಎರಡನೇ ಹುಂಜವನ್ನು ಮಾರುವ ಮೊದಲು

ಹಿತ್ತಲಲ್ಲಿ ಎರಡು ಹುಂಜ ಇದ್ದರೆ ಕಾದಾಟ ತಪ್ಪುವುದಿಲ್ಲ, ಒಂದನ್ನು ಮಾರಿಬಿಡಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸುಮ್ನೆ ಮಾರಬೇಡಿ. ಒಟ್ಟಿಗೆ ಬೆಳೆದ ಹುಂಜಗಳು ಯಾರು ಮೇಲು ಅಂತ ತೀರ್ಮಾನವಾದ ಮೇಲೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ. ಬೆಳಗ್ಗೆ ಮೊದಲು ಕೂಗುವುದೂ ಮೇಲಿನದ್ದೇ, ಉಳಿದವು ಸರದಿ ಕಾಯುತ್ತವೆ. 2015ರಲ್ಲಿ ಜಪಾನಿನ ಸಂಶೋಧಕರು ಇದನ್ನು ತೋರಿಸಿದ್ದಾರೆ.

ಹುಂಜದಿಂದ ಹೇಂಟೆಗಳಿಗೆ ಉಪಯೋಗವೂ ಇದೆ. ನಮ್ಮ ಹುಂಜ ಎರೆಹುಳ ಸಿಕ್ಕರೆ ತಾನು ನುಂಗುವುದಿಲ್ಲ. ಕೊಕ್ಕಿನಲ್ಲಿ ಎತ್ತಿ, ಕೆಳಗೆ ಹಾಕಿ, ಮತ್ತೆ ಎತ್ತಿ, ಕುಕ್ ಕುಕ್ ಅಂತ ಹೇಂಟೆಗಳನ್ನು ಕರೆಯುತ್ತದೆ. ಹದ್ದು ಕಂಡರೆ ಒಂದು ಕೂಗು, ನಾಯಿ ಬಂದರೆ ಬೇರೆಯದೇ ಕೂಗು.

ಹೇಂಟೆಗಳು ಕಡಿಮೆ ಇದ್ದರೆ ಮಾತ್ರ ತೊಂದರೆ ಜಾಸ್ತಿ. ಒಂದು ಹುಂಜಕ್ಕೆ 8-10 ಇರಬೇಕು. ಇಲ್ಲದಿದ್ದರೆ ಹುಂಜ ಅದೇ ಹೇಂಟೆಗಳನ್ನು ಪದೇ ಪದೇ ಮೆಟ್ಟಿ, ಪಾಪ, ಅವುಗಳ ಬೆನ್ನಿನ ಪುಕ್ಕ ಉದುರಿ ಗಾಯವಾಗುತ್ತದೆ. ದಯವಿಟ್ಟು ಅದನ್ನೂ ಲೇಖನದಲ್ಲಿ ಸೇರಿಸಿ.