ಸಮುದ್ರಕ್ಕೆ ಉಪ್ಪು ಜಾಸ್ತಿಯಾಯ್ತು

ಚಿಕ್ಕ ಮಕ್ಕಳಿಂದ ಮಿಕ್ಸೆಡ್ ಮೀಡಿಯಾ ಮೀನು, ಅಂದರೆ ಹಲವು ಬಗೆಯ ಸಾಮಗ್ರಿ ಸೇರಿಸಿದ ಮೀನಿನ ಚಿತ್ರ ಮಾಡಿಸುವುದು ಹೇಳೋಕೆ ಬಹಳ ಸುಲಭ. ಮೇಣದ ಕ್ರಯಾನ್‌ನಲ್ಲಿ ಮೀನು ಬರೆದು ಮೇಲೆ ವಾಟರ್ ಕಲರ್ ಬಳಿಯಬೇಕು. ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲ, ಹಾಗಾಗಿ ಗೆರೆಗಳು ಎದ್ದು ಕಾಣುತ್ತವೆ. ಬಣ್ಣ ಹಸಿ ಇರುವಾಗಲೇ ಚಿಟಿಕೆ ಉಪ್ಪು ಉದುರಿಸಿದರೆ ಅದು ಸುತ್ತಲಿನ ಬಣ್ಣದ ನೀರನ್ನು ಹೀರಿಕೊಂಡು ಚುಕ್ಕಿ ಚುಕ್ಕಿ ಗುರುತು ಬಿಡುತ್ತದೆ. ಸಮುದ್ರ ರೆಡಿ.

ಚಿಟಿಕೆ ಎಂದರೆ ಎಷ್ಟು ಅನ್ನುವುದರಲ್ಲಿ ಮಾತ್ರ ಒಮ್ಮತ ಮೂಡಲಿಲ್ಲ. ಒಬ್ಬ ಮುಷ್ಟಿ ತುಂಬ ಸುರಿದ. ಪಕ್ಕದವಳು ಬೆರಳು ಅದ್ದಿ ನೆಕ್ಕಿ, "ಮಿಸ್, ನಿಜವಾಗ್ಲೂ ಸಮುದ್ರಾನೇ" ಎಂದು ಸರ್ಟಿಫಿಕೇಟ್ ಕೊಟ್ಟಳು.

ಆಮೇಲೆ ಬಣ್ಣದ ಕಾಗದದ ಹುರುಪೆ ಅಂಟಿಸುವುದು. ಬಾಲದಿಂದ ಶುರು ಮಾಡಿ, ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದು ಸಾಲು ಬರಲಿ, ಮನೆಗೆ ಹೆಂಚು ಹೊದಿಸಿದ ಹಾಗೆ ಅಂತ ಗಂಟಲು ಹರಿಯುವಂತೆ ಹೇಳಿದೆ. ಎಲ್ಲರೂ ತಲೆ ಆಡಿಸಿದರು, ಎಲ್ಲರೂ ತಲೆಯಿಂದಲೇ ಶುರು ಮಾಡಿದರು. ಗೋಂದು ಡಬ್ಬಿ ಒಂದು ಸುತ್ತು ಬರುವಷ್ಟರಲ್ಲಿ ಮೀನಿಗಿಂತ ಅಂಗೈಗಳಿಗೇ ಹುರುಪೆ ಜಾಸ್ತಿಯಾಗಿತ್ತು.

ಆದರೆ ನಿಜವಾದ ಕಷ್ಟ ತಿದ್ದುವುದರಲ್ಲಿದೆ. ಒಬ್ಬ ಹುಡುಗ ಮೀನಿನ ಒಂದೇ ಕಡೆ ಎರಡೂ ಕಣ್ಣು ಬರೆದಿದ್ದ. ಪಕ್ಕದಿಂದ ನೋಡಿದರೆ ಒಂದೇ ಕಣ್ಣು ಕಾಣಬೇಕು ಅಲ್ವಾ ಪುಟ್ಟಾ ಎನ್ನಲು ಬಾಯಿ ತೆರೆದವಳು ಅಲ್ಲೇ ನಿಂತೆ, ಯಾಕೆಂದರೆ ಫ್ಲೌಂಡರ್ ಅನ್ನುವ ಚಪ್ಪಟೆ ಮೀನು ಮರಿಯಾಗಿದ್ದಾಗ ಎಲ್ಲರ ಹಾಗೇ ಇದ್ದು, ಬೆಳೆಯುತ್ತಾ ಒಂದು ಕಣ್ಣನ್ನು ಇನ್ನೊಂದು ಕಣ್ಣಿನ ಪಕ್ಕಕ್ಕೆ ಸಾಗಿಸಿಕೊಂಡುಬಿಡುತ್ತದೆ. ಮುಂದಿನ ಬೆಂಚಿನಲ್ಲಿ ಚೌಕಾಕಾರದ ಮೀನು. ಬಾಕ್ಸ್‌ಫಿಶ್ ಅನ್ನುವ ಪೆಟ್ಟಿಗೆಯಂಥ ಮೀನು ನಿಜಕ್ಕೂ ಇದೆ. ಹೊಟ್ಟೆ ಮೇಲೆ ಮಾಡಿ ಈಜುವ ಮೀನು? ಆಫ್ರಿಕಾದ ನದಿಗಳಲ್ಲಿ ಹಾಗೆ ಈಜುವ ಒಂದು ಕ್ಯಾಟ್‌ಫಿಶ್ಶೇ ಇದೆ. ದಡದ ಮೇಲೆ ವಾಕಿಂಗ್ ಹೊರಟಿದ್ದ ಮೀನನ್ನಾದರೂ ನೀರಿಗೆ ವಾಪಸ್ ಕಳಿಸೋಣ ಎಂದರೆ ಮಡ್‌ಸ್ಕಿಪ್ಪರ್ ನೆನಪಾಯಿತು, ಅದು ಕೆಸರಿನ ಮೇಲೆ ರೆಕ್ಕೆ ಊರಿಕೊಂಡೇ ಓಡಾಡುತ್ತದೆ. ಇಷ್ಟೆಲ್ಲ ಮೀನುಗಳು ಮಕ್ಕಳ ಪರವಾಗಿ ಸಾಕ್ಷಿ ಹೇಳುತ್ತಿದ್ದರೆ ಟೀಚರ್ ಪಾಡೇನು?

ಕೊನೆ ಬೆಂಚಿನ ಹುಡುಗಿ ಕಪ್ಪು ಉಲ್ಲನ್ ದಾರ ಕತ್ತರಿಸಿ ತನ್ನ ಮೀನಿನ ಕಣ್ಣಿಗೆ ಉದ್ದುದ್ದ ರೆಪ್ಪೆಗೂದಲು ಅಂಟಿಸುತ್ತಿದ್ದಳು. ಅಬ್ಬಾ, ಇಲ್ಲಿ ಗೆದ್ದೆ! ಕೆಲವು ಶಾರ್ಕ್‌ಗಳಿಗೆ ಕಣ್ಣು ಮುಚ್ಚುವ ಪೊರೆ ಇದ್ದರೂ ರೆಪ್ಪೆಗೂದಲಂತೂ ಯಾವ ಮೀನಿಗೂ ಇಲ್ಲ. ಹತ್ತಿರ ಹೋಗಿ ಗಂಭೀರವಾಗಿ ಹೇಳಿದೆ: "ಮೀನಿಗೆ ರೆಪ್ಪೆಗೂದಲು ಇರಲ್ಲಮ್ಮ."

ಅವಳು ತಲೆ ಎತ್ತಲೂ ಇಲ್ಲ. "ಗೊತ್ತು ಮಿಸ್, ಅದಕ್ಕೇ ಕೊಡ್ತಾ ಇದೀನಿ."