"ಕರೆಸಲಾಗಿದೆ" ಅಲ್ಲ, "ಕರೆಸಿಕೊಂಡಿದ್ದೇನೆ"

ಹೋದ ತಿಂಗಳು ಅಪ್ಪ ಒಂದು ಕಾಗದದ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿದರು. ನಮ್ಮ ಪಹಣಿಯಲ್ಲಿ ಅಜ್ಜನ ಹೆಸರು ತಪ್ಪಾಗಿ ಕೂತು ನಾಲ್ಕು ವರ್ಷ ಆಯಿತು. ಅಷ್ಟೂ ವರ್ಷ ಅಪ್ಪ ಕಚೇರಿಗೆ ಅಲೆದಿದ್ದಾರೆ. ಕೊನೆಗೆ ಬಂದ ಉತ್ತರ ಎರಡೇ ಸಾಲು: "ಹೆಸರು ತಪ್ಪಾಗಿ ನಮೂದಾಗಿರುವುದು ಕಂಡುಬಂದಿದೆ. ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು."

ಯಾರು ನಮೂದಿಸಿದರು? ಕ್ರಮ ಕೈಗೊಳ್ಳುವವರು ಯಾರು? ಆ ಎರಡು ಸಾಲಿನಲ್ಲಿ ಹುಡುಕಿದರೂ ಒಬ್ಬ ಮನುಷ್ಯ ಸಿಗುವುದಿಲ್ಲ. ನನಗೆ ತುಂಬಾ ಬೇಜಾರಾಯಿತು.

ಅದೇ ವಾರದ ಕೊನೆಗೆ ಮಕ್ಕಳನ್ನು ಕರೆದುಕೊಂಡು ಆಬಿಲೀನ್‌ಗೆ ಹೋಗಿದ್ದೆ. ಅಮೆರಿಕದಲ್ಲಿ ನಾವಿರುವ ಕ್ಯಾನ್ಸಸ್ ಸಿಟಿಯಿಂದ ಎರಡೂವರೆ ಗಂಟೆಯ ದಾರಿ, ಸುತ್ತ ಬರೀ ಗೋಧಿ ಹೊಲ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಿತ್ರಪಡೆಗಳ ದಂಡನಾಯಕರಾಗಿದ್ದು, ಆಮೇಲೆ ಅಮೆರಿಕದ ಅಧ್ಯಕ್ಷರಾದ ಡ್ವೈಟ್ ಐಸೆನ್‌ಹೋವರ್ ಬೆಳೆದ ಊರು ಅದು. ಆರು ಜನ ಗಂಡುಮಕ್ಕಳು ಬೆಳೆದ ಆ ಚಿಕ್ಕ ಮರದ ಮನೆ ಇವತ್ತಿಗೂ ಇದ್ದಲ್ಲೇ ಇದೆ. ಅವರ ಅಪ್ಪ ಊರಿನ ಡೇರಿಯಲ್ಲಿ ಕೆಲಸಗಾರ. ಮಗನೂ ಸೈನಿಕ ಶಾಲೆಗೆ ಸೇರುವ ಮೊದಲು ಅಲ್ಲೇ ರಾತ್ರಿ ಪಾಳಿ ಮಾಡಿದವರು. ಮನೆಯ ಪಕ್ಕದಲ್ಲೇ ಮ್ಯೂಸಿಯಂ, ಗ್ರಂಥಾಲಯ, ಸಮಾಧಿ.

ಅಲ್ಲಿನ ಸಂಗ್ರಹದಲ್ಲಿ ಪೆನ್ಸಿಲ್‌ನಲ್ಲಿ ಬರೆದ ಒಂದು ಚೀಟಿ ಇದೆ. ನಾನು ಓದಿದ್ದು ಅದರ ಪ್ರತಿಯನ್ನು. 1944ರ ಜೂನ್ 5. ಮರುದಿನ ಬೆಳಿಗ್ಗೆ, ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ನಾರ್ಮಂಡಿಯ ದಡಕ್ಕೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಸೈನಿಕರು ಇಳಿಯಬೇಕು. ಹವಾಮಾನ ಕೆಟ್ಟು ಆಗಲೇ ಒಂದು ದಿನ ಮುಂದೆ ಹೋಗಿತ್ತು. ಹೊರಡಿ ಅಂತ ಹೇಳಬೇಕಾದವರು ಇವರೊಬ್ಬರೇ. ಹೇಳಿದರು. ಆಮೇಲೆ ಕೂತು, ಒಂದು ವೇಳೆ ಸೋತರೆ ಲೋಕಕ್ಕೆ ಏನು ಹೇಳಬೇಕು ಅನ್ನುವುದನ್ನು ಬರೆದಿಟ್ಟುಕೊಂಡರು. ಸೈನಿಕರು ಮಾಡಬಹುದಾದದ್ದನ್ನೆಲ್ಲಾ ಮಾಡಿದರು, ತಪ್ಪು ಅಂತ ಏನಾದರೂ ಇದ್ದರೆ ಅದು ನನ್ನೊಬ್ಬನದೇ, ಅನ್ನುವುದು ಅದರ ಸಾರ. ಎಷ್ಟು ತಳಮಳದಲ್ಲಿ ಇದ್ದರೋ ಏನೋ, ತಾರೀಕನ್ನು ಜುಲೈ 5 ಅಂತ ಬರೆದಿದ್ದಾರೆ.

ನಾನು ಅಲ್ಲೇ ನಿಂತುಬಿಟ್ಟಿದ್ದು ಒಂದು ತಿದ್ದುಪಡಿ ನೋಡಿ. ಮೊದಲು "ಪಡೆಗಳನ್ನು ವಾಪಸ್ ಕರೆಸಲಾಗಿದೆ" ಅನ್ನುವ ಅರ್ಥ ಬರುವ ಹಾಗೆ ಬರೆದು, ಅದನ್ನು ಹೊಡೆದುಹಾಕಿ, "ನಾನು ವಾಪಸ್ ಕರೆಸಿಕೊಂಡಿದ್ದೇನೆ" ಅಂತ ಮಾಡಿದ್ದಾರೆ. ಅಪ್ಪನ ಕಾಗದದಲ್ಲಿದ್ದ "ಲಾಗುವುದು" ಥರದ್ದೇ ಈ "ಲಾಗಿದೆ"! ಅದು ಇವರ ಕೈಗೂ ಮೊದಲು ಬಂದಿತ್ತು. ತಾವೇ ಅದನ್ನು ಅಳಿಸಿದರು.

ನಮ್ಮಲ್ಲಿ ಇದಕ್ಕೆ ತಿರುಗುಮುರುಗು ಅಲ್ವಾ? ಸೇತುವೆ ಕಟ್ಟಿದರೆ ಶಿಲಾಫಲಕದಲ್ಲಿ ಹದಿನೈದು ಹೆಸರು. ಅದೇ ಸೇತುವೆ ಕುಸಿದರೆ "ತನಿಖೆಗೆ ಆದೇಶಿಸಲಾಗಿದೆ". ಐಸೆನ್‌ಹೋವರ್ 1953ರಿಂದ ಎಂಟು ವರ್ಷ ಅಧ್ಯಕ್ಷರಾಗಿದ್ದರು. ನಾವು ಬಂದ ಹೆದ್ದಾರಿಯೂ ಅವರು 1956ರಲ್ಲಿ ಸಹಿ ಹಾಕಿದ ಕಾಯ್ದೆಯ ಫಲ. 1919ರಲ್ಲಿ ಸೇನೆಯ ಲಾರಿಗಳ ಜೊತೆ ದೇಶದ ಆ ತುದಿಯಿಂದ ಈ ತುದಿಗೆ 62 ದಿನ ಕೆಸರಲ್ಲಿ ತೆವಳಿದ್ದನ್ನು ಅವರು ಮರೆತಿರಲಿಲ್ಲ. 1969ರಲ್ಲಿ ತೀರಿಕೊಂಡಾಗ, ಸಾಮಾನ್ಯ ಸೈನಿಕನಿಗೆ ಕೊಡುವ 80 ಡಾಲರಿನ ಪೆಟ್ಟಿಗೆಯಲ್ಲೇ ಇಲ್ಲಿ ಹೂಳಿದರು. ಪಕ್ಕದಲ್ಲಿ ಮೂರು ವರ್ಷಕ್ಕೇ ಹೋದ ಮೊದಲ ಮಗ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಇದೆಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ನಮ್ಮಲ್ಲೂ ಇದ್ರು ಕಣೋ ಪುಟ್ಟ" ಅಂದರು. "ಅರಿಯಲೂರಲ್ಲಿ ರೈಲು ಬಿದ್ದಾಗ ಶಾಸ್ತ್ರಿಗಳು ಮಂತ್ರಿಗಿರಿ ಬಿಡ್ಲಿಲ್ವಾ? ಎಂಬತ್ತನಾಲ್ಕರ ಲೋಕಸಭೆ ಸೋತಾಗ ನಮ್ಮ ರಾಮಕೃಷ್ಣ ಹೆಗಡೆಯವರು ಸರ್ಕಾರವನ್ನೇ ಬಿಟ್ಟು ಮತ್ತೆ ಜನರ ಹತ್ರ ಹೋಗ್ಲಿಲ್ವಾ?" ಶಾಸ್ತ್ರಿಯವರ ರಾಜೀನಾಮೆಯೂ 1956ರದ್ದೇ. ನನಗೆ ಉತ್ತರ ಹೊಳೆಯಲಿಲ್ಲ.

ಇನ್ನೂ ಒಂದು ಹೇಳಲೇಬೇಕು. ಈ ಚೀಟಿ ಬರೆದ ಮನುಷ್ಯರೇ 1952ರ ಚುನಾವಣೆಯಲ್ಲಿ, ಯುದ್ಧಕಾಲದಲ್ಲಿ ಅಮೆರಿಕದ ಸೇನಾ ಮುಖ್ಯಸ್ಥರಾಗಿದ್ದು ತಮ್ಮನ್ನು ಮೇಲೆ ತಂದ ಜನರಲ್ ಮಾರ್ಷಲ್ ಪರವಾಗಿ ಭಾಷಣದಲ್ಲಿ ಬರೆದಿದ್ದ ಮಾತನ್ನು ಬಿಟ್ಟುಬಿಟ್ಟರು. ಕಂಡಕಂಡವರನ್ನು ಕಮ್ಯುನಿಸ್ಟರ ಕಡೆಯವರು ಅಂತ ದೂರುತ್ತಾ ಮಾರ್ಷಲ್ ಮೇಲೂ ಕೆಸರೆರಚುತ್ತಿದ್ದ ಸೆನೆಟರ್ ಮೆಕಾರ್ಥಿಯನ್ನು ಎದುರು ಹಾಕಿಕೊಳ್ಳುವುದು ಬೇಡ ಅಂತ. 1953ರಲ್ಲಿ ಇರಾನಿನ ಮೊಸಾದ್ದೆಕ್ ಸರ್ಕಾರವನ್ನು ಉರುಳಿಸುವುದರಲ್ಲಿ ಅಮೆರಿಕದ ಕೈ ಇತ್ತು. ಅದನ್ನು ಅವರು ಜನರ ಮುಂದೆ ಒಪ್ಪಿಕೊಳ್ಳಲಿಲ್ಲ. ಇಲ್ಲಿನ ಇನ್ಶೂರೆನ್ಸ್ ಕಂಪನಿಗಳ ಕಾಗದದಲ್ಲೂ "ನಾನು" ಇರುವುದಿಲ್ಲ, ಅದೂ ನಿಜ.

ಪಹಣಿ ಬರೆದ ಗುಮಾಸ್ತರ ಬಗ್ಗೆಯೂ ಆಮೇಲೆ ಯೋಚಿಸಿದೆ. "ತಪ್ಪು ನನ್ನದು" ಅಂತ ಅವರು ಬರೆದರೆ ಎಲ್ಲವನ್ನೂ ಅವರ ತಲೆಗೇ ಕಟ್ಟುತ್ತಾರೆ. ಆಬಿಲೀನ್‌ನ ಚೀಟಿ ಬರೆದವರು ಎಲ್ಲರಿಗಿಂತ ಮೇಲಿದ್ದವರು, ಕೆಳಗಿನವರನ್ನು ಉಳಿಸಲು ಬರೆದರು. ನಮ್ಮ ಕಚೇರಿಯಲ್ಲಿ ಮೇಲೆ ಕೂತವರು ಮೊದಲು "ನಾನು" ಅಂದಿದ್ದರೆ, ಕೆಳಗೆ ಕೂತವರಿಗೂ ಧೈರ್ಯ ಬರುತ್ತಿತ್ತು.

ಸೋಮವಾರ ಮತ್ತೆ ಹೋಗ್ತೀನಿ ಅಂದರು ಅಪ್ಪ. ತಿದ್ದುವವರು ಯಾರು ಅಂತ ಕೇಳಿ, ಹೆಸರು ಬರೆದುಕೊಂಡು ಬನ್ನಿ ಅಂದೆ.